ಡಿಸ್ಪೋಸಲ್ ಜೀಪು: ಘಾಟಿ ಹತ್ತುವಾಗ ಮೂರನೇ ಸಿಲಿಂಡರ್ ಮಿಸ್ಸಿಂಗ್, ಏನು ಬದಲಾಯಿಸಿದರೂ ಹೋಗುತ್ತಿಲ್ಲ

ತೋಟದಜೀಪು (ಮಡಿಕೇರಿ)

ಗಾಡಿ ಸೇನೆಯ ಹರಾಜಿನಲ್ಲಿ ಹೊರಬಂದ ಸಿಜೆ-3ಬಿ. ಹರಿಕೇನ್ ಎಫ್-ಹೆಡ್ ಪೆಟ್ರೋಲ್ ಎಂಜಿನ್, 2199 ಸಿಸಿ, 12 ವೋಲ್ಟ್. ವೈರಿಂಗ್ ಹೆಚ್ಚಿನದು ಮಿಲಿಟರಿಯದೇ. ಪ್ಲಗ್ ತಲೆಯ ಮೇಲೆ ರೇಡಿಯೊ ಸಪ್ರೆಸರ್‌ಗಳೂ ಹಾಗೇ ಇವೆ.

ತಣ್ಣಗಿರುವಾಗ ಓಟಕ್ಕೆ ಏನೂ ಹೇಳುವ ಹಾಗಿಲ್ಲ. ಸಂಪಾಜೆಯಿಂದ ಮೇಲೆ ಹತ್ತುವಾಗ ಕೊಯನಾಡು ದಾಟಿ ಜೋಡುಪಾಲ ಬರುವಷ್ಟರಲ್ಲಿ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ತಪ್ಪುವುದು) ಶುರು. ಮದೆನಾಡಿನಲ್ಲಿ ಪೂರಾ ಮೂರೇ ಸಿಲಿಂಡರಿನ ಸದ್ದು, ಎರಡನೇ ಗೇರಿನಲ್ಲೂ ಎಳೆಯುವುದಿಲ್ಲ. ಅರ್ಧ ಗಂಟೆ ನಿಲ್ಲಿಸಿದರೆ ತಾನಾಗಿ ಸರಿಹೋಗುತ್ತದೆ. ಪ್ಲಗ್ ಬಿಚ್ಚಿದರೆ 1, 2, 4 ಕಂದು ಬಣ್ಣ. 3 ಮಾತ್ರ ಕಪ್ಪು, ಒದ್ದೆ, ಪೆಟ್ರೋಲ್ ವಾಸನೆ.

ಇದುವರೆಗೆ ಹೊಸದಾಗಿ ಹಾಕಿದ್ದು: ನಾಲ್ಕು ಪ್ಲಗ್, ಪಾಯಿಂಟ್, ಕಂಡೆನ್ಸರ್, ಕಾಯಿಲ್. ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆದಾಯಿತು. 2 ಮತ್ತು 3ರ ಪ್ಲಗ್, ವೈರ್, ಸಪ್ರೆಸರ್ ಅದಲು ಬದಲು ಮಾಡಿದರೂ ಸಾಯುವುದು 3ನೆಯದೇ.

ತಣ್ಣಗಿನ ಎಂಜಿನ್ನಿನಲ್ಲಿ ಕಂಪ್ರೆಶನ್ (ಸಿಲಿಂಡರಿನೊಳಗೆ ಒತ್ತಿದ ಗಾಳಿಯ ಒತ್ತಡ): 107, 105, 101, 106 ಪಿಎಸ್‌ಐ. ಪುಸ್ತಕದಲ್ಲಿ 120 ಅಂತಿದೆ. ಹಾಗಾದರೆ ಪಿಸ್ಟನ್ ರಿಂಗ್ ಹೋಗಿದೆಯಾ? ಎಂಜಿನ್ ಇಳಿಸಿ ಬೋರ್ ಮಾಡಿಸಬೇಕು ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ.

ಇನ್ನೊಂದು ವಿಷಯ. ಜೋರು ಮಳೆಯ ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಬೇರೆ ತರಹದ ಮಿಸ್ಸಿಂಗ್ ಬರುತ್ತದೆ, ಎಂಜಿನ್ ಬಿಸಿಯಾದ ಮೇಲೆ ಹೋಗುತ್ತದೆ. ಎರಡಕ್ಕೂ ಸಂಬಂಧ ಇದೆಯಾ?

ಕಾರ್ಬ್_ಕಿಟ್

ಇದು ಇ20 ಪೆಟ್ರೋಲಿನ ಕೆಲಸ ಸರ್. ಎಥನಾಲ್ ಸೇರಿದ ಪೆಟ್ರೋಲಿಗೆ ಹಳೆಯ ಜೆಟ್ ಸಾಲದು, ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಹಳೆಯ ರಬ್ಬರ್ ಡಯಾಫ್ರಮ್ ಮೆತ್ತಗಾಗುತ್ತದೆ. ಜೊತೆಗೆ ಈ ಎಂಜಿನ್ನಿನಲ್ಲಿ ಪೆಟ್ರೋಲ್ ಪಂಪು ಇರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮಗ್ಗುಲಲ್ಲೇ, ಏರಿನಲ್ಲಿ ಪೈಪಿನೊಳಗೆ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ, ಪೈಪಿಗೆ ಶಾಖ ತಾಗದ ಹಾಗೆ ಸುತ್ತಿ ನೋಡಿ.

ಒಂದುಮೂರುನಾಲ್ಕೆರಡು

ಜೆಟ್ ಮುಟ್ಟಬೇಡಿ. ಕಾರ್ಬ್_ಕಿಟ್ ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಆದರೆ ಅದು ಈ ಗಾಡಿಯ ರೋಗ ಅಲ್ಲ. ಕಾರ್ಬೊರೇಟರ್ ಒಂದು, ಅದರಿಂದ ಉಣ್ಣುವವು ನಾಲ್ಕು. ಪೆಟ್ರೋಲ್ ಆವಿಯಾದರೆ ಅಥವಾ ಜೆಟ್ ಸಣ್ಣದಾದರೆ ನಾಲ್ಕೂ ಒಟ್ಟಿಗೆ ಸೊರಗಬೇಕು. ಇಲ್ಲಿ ಸಾಯುವುದು ಒಂದೇ, ಅದೂ ಪ್ರತಿ ಸಲ ಅದೇ. ಲೀನ್ ಆಗಿದ್ದರೆ ಆ ಪ್ಲಗ್ ಬೆಳ್ಳಗೆ ಒಣಗಿರಬೇಕಿತ್ತು. ಒದ್ದೆ ಕಪ್ಪು ಅಂದರೆ ಪೆಟ್ರೋಲ್ ಒಳಗೆ ಹೋಗಿದೆ, ಉರಿದಿಲ್ಲ.

ಮೊದಲು ಆ 107ರ ಭಯ ಬಿಡಿ. ಪುಸ್ತಕದ ಅಂಕಿ ಸಮುದ್ರ ಮಟ್ಟದ್ದು. ಮಡಿಕೇರಿ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡವೇ ಸಮುದ್ರ ಮಟ್ಟದ ಶೇ. 88ರಷ್ಟು. 120ರ ಶೇ. 88 ಎಷ್ಟು? 105 ಚಿಲ್ಲರೆ. ನಿಮ್ಮ ಎಂಜಿನ್ ಪುಸ್ತಕಕ್ಕೆ ಸರಿಯಾಗಿಯೇ ಇದೆ. ವ್ಯಾಕ್ಯೂಮ್ ಗೇಜಿಗೂ ಇದೇ ಲೆಕ್ಕ: ಪ್ರತಿ 1000 ಅಡಿಗೆ 1 ಇಂಚು ಕಳೆಯಬೇಕು. ಕೆಳಗೆ 18 ತೋರಿಸುವ ಎಂಜಿನ್ ಮಡಿಕೇರಿಯಲ್ಲಿ 14 ತೋರಿಸಿದರೆ ಅದು ಕಾಯಿಲೆ ಅಲ್ಲ. ಈ ಲೆಕ್ಕ ಹಾಕದೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಒಳ್ಳೆಯ ಎಂಜಿನ್‌ಗಳನ್ನು ಸುಮ್ಮನೆ ಬೋರ್ ಮಾಡಿಸಿದ್ದಾರೋ!

ಆದರೆ ನೀವು ಕಂಪ್ರೆಶನ್ ನೋಡಿದ್ದು ತಣ್ಣಗಿರುವಾಗ, ಮಿಸ್ ಆಗುವುದು ಬಿಸಿಯಲ್ಲಿ. ರೋಗ ಮಲಗಿದ್ದಾಗ ನಾಡಿ ಹಿಡಿದರೆ ಏನು ಸಿಗುತ್ತದೆ? ಮಿಸ್ಸಿಂಗ್ ಇರುವಾಗಲೇ, ರಸ್ತೆ ಬದಿಯ ಸಮತಟ್ಟಿನಲ್ಲಿ ನಿಲ್ಲಿಸಿ, ಈ ಎರಡು ಪರೀಕ್ಷೆ ಮಾಡಿ.

ಒಂದು, ಸ್ಪಾರ್ಕ್. 3ರ ವೈರ್ ಕಳಚಿ, ಅದಕ್ಕೊಂದು ಬೇರೆ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ಹೆಡ್ಡಿಗೆ ಒತ್ತಿ ಹಿಡಿದು ಎಂಜಿನ್ ಓಡಿಸಿ. ಹಿಡಿಯುವುದು ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರಿನಲ್ಲಿ, ಕೈಯಲ್ಲಿ ಅಲ್ಲ. ಗ್ಯಾಪ್ ಮಾಮೂಲಿ 30 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಇದ್ದರೆ ದುರ್ಬಲ ಸ್ಪಾರ್ಕ್ ಕೂಡ ಹೊರಗಿನ ಗಾಳಿಯಲ್ಲಿ ಹಾರಿ ಮೋಸ ಮಾಡುತ್ತದೆ. ಹಳೆಯ ಪ್ಲಗ್ಗಿನ ಗ್ಯಾಪ್ 5-6 ಮಿ.ಮೀ.ಗೆ ಅಗಲಿಸಿಟ್ಟುಕೊಳ್ಳಿ. ಅಷ್ಟು ಅಗಲದಲ್ಲೂ ನೀಲಿ ಕಿಡಿ ತಪ್ಪದೆ ಹಾರಿದರೆ ಕಾಯಿಲ್, ಪಾಯಿಂಟ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಎಲ್ಲ ಪಾಸ್. ವೈರನ್ನು ಬರಿದೇ ಗಾಳಿಯಲ್ಲಿ ಬಿಡಬೇಡಿ, ಹೊಸ ಕಾಯಿಲಿನ ಒಳಗಿನ ಇನ್ಸುಲೇಶನ್ ಹರಿಯುತ್ತದೆ.

ಎರಡು, ಬಿಸಿ ಕಂಪ್ರೆಶನ್. ನಾಲ್ಕೂ ಪ್ಲಗ್ ತೆಗೆದು, ಕಾಯಿಲಿನ ವೈರ್ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿಗೆ ಐದಾರು ಏಟು. 3 ಕೆಳಗಿದ್ದರೆ ಪ್ಲಗ್ ತೂತಿನಿಂದ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಇನ್ನೊಮ್ಮೆ ನೋಡಿ. ಏರಿದರೆ ರಿಂಗ್. ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡು ಒಟ್ಟಿಗೆ ಕೆಳಗಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್.

ಪಾಯಿಂಟ್‌ಬಾಕ್ಸ್ (ಗೋಣಿಕೊಪ್ಪ)

ಅವರು ಹೇಳಿದ್ದು ಸರಿ, ಆದರೆ ಇಗ್ನಿಶನ್ ಕಡೆ ಒಂದು ಬಿಟ್ಟುಹೋಗಿದೆ. ಪ್ಲಗ್ ವೈರ್ ಬದಲಾಯಿಸಿದರೂ 3ನೇ ಸಿಲಿಂಡರೇ ಸಾಯುವುದಕ್ಕೆ ಡಿಸ್ಟ್ರಿಬ್ಯೂಟರ್ (ಸ್ಪಾರ್ಕನ್ನು ನಾಲ್ಕು ಪ್ಲಗ್ಗಿಗೆ ಹಂಚುವ ಭಾಗ) ಕೂಡ ಕಾರಣ ಆಗಬಹುದು. ಶಾಫ್ಟಿನ ಬುಶ್ ಸವೆದಿದ್ದರೆ ಶಾಫ್ಟ್ ಓಲಾಡಿ ಪಾಯಿಂಟ್ ತೆರೆಯುವ ಒಂದೊಂದು ಲೋಬಿಗೆ (ಶಾಫ್ಟಿನ ಉಬ್ಬಿಗೆ) ಒಂದೊಂದು ಗ್ಯಾಪ್ ಬರುತ್ತದೆ. ಎಲ್ಲರೂ ಒಂದು ಲೋಬಿನಲ್ಲಿ ಗ್ಯಾಪ್ ಇಟ್ಟು ಕ್ಯಾಪ್ ಮುಚ್ಚಿಬಿಡುತ್ತಾರೆ. ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುತ್ತಾ ನಾಲ್ಕೂ ಲೋಬಿನಲ್ಲಿ ಫೀಲರ್ ಹಾಕಿ ನೋಡಿ. ಆಟೋಲೈಟ್ ಆದರೆ 20 ಥೌ, ಲೂಕಾಸ್ ಮಾದರಿ ಆದರೆ 14ರಿಂದ 16. ಲೋಬಿನಿಂದ ಲೋಬಿಗೆ 2 ಥೌಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬುಶ್ ಹಾಕಿಸಿ, ಪಾಯಿಂಟ್ ಬದಲಾಯಿಸಿ ಪ್ರಯೋಜನ ಇಲ್ಲ.

ಸಪ್ರೆಸರ್ ಬಗ್ಗೆ: ಅದು ಒಳಗೆ ಒಂದು ರೆಸಿಸ್ಟರ್ ಅಷ್ಟೇ. ಸೇನೆಯಲ್ಲಿ ವೈರ್‌ಲೆಸ್ ಸೆಟ್ಟಿಗೆ ಕರಕರ ಬರಬಾರದು ಅಂತ ಹಾಕಿದ್ದು. ಮೀಟರಿನಲ್ಲಿ ನೋಡಿ, 10 ಸಾವಿರ ಓಮ್ ಆಸುಪಾಸು ಬರಬೇಕು. ಲಕ್ಷ ದಾಟಿದ್ದು ಅಥವಾ ಮೀಟರ್ ಮುಳ್ಳು ಅಲ್ಲಾಡದ್ದು ಬಿಸಾಡಿ. ಇದರ ಜೊತೆಗೆ ರೆಸಿಸ್ಟರ್ ಪ್ಲಗ್, ಕಾರ್ಬನ್ ವೈರ್ ಎರಡನ್ನೂ ಹಾಕಿದ್ದರೆ ಮೂರು ತಡೆ ಒಂದರ ಹಿಂದೆ ಒಂದಾಗಿ ಏರಿನಲ್ಲಿ ಸ್ಪಾರ್ಕ್ ಸಾಯುತ್ತದೆ. ತೋಟದ ಗಾಡಿಗೆ ಸಪ್ರೆಸರ್ ತೆಗೆದು ತಾಮ್ರದ ವೈರ್ ಹಾಕಿದರೆ ಸಾಕು.

ಹೊಸ ಕಾಯಿಲ್ ಅಂದಿರಲ್ಲ, ಅದರ ಪ್ರೈಮರಿ ಎಷ್ಟು ಓಮ್ ನೋಡಿದ್ದೀರಾ? ನೇರ 12 ವೋಲ್ಟಿನ ಕಾಯಿಲ್ ಸುಮಾರು 3 ಓಮ್ ಇರುತ್ತದೆ. 1.5 ಇದ್ದರೆ ಅದು ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಹಾಕುವಂಥದ್ದು. ನೇರ ಕೊಟ್ಟರೆ ಕಾಯಿಲ್ ಕೈ ಇಡಲಾಗದಷ್ಟು ಕಾಯುತ್ತದೆ, ಪಾಯಿಂಟ್ ಮುಖ ನೀಲಿಗಟ್ಟುತ್ತದೆ. ಪ್ಲಗ್ಗಿನ ಚೂಡಿಯ (ಥ್ರೆಡ್ಡಿನ) ಉದ್ದವನ್ನೂ ನೋಡಿ. ಇದಕ್ಕೆ ಚಾಂಪಿಯನ್ ಜೆ8 ವರ್ಗದ, 3/8 ಇಂಚು ಚೂಡಿಯ ಪ್ಲಗ್. ಅಂಗಡಿಯಲ್ಲಿ ಉದ್ದ ಚೂಡಿಯದ್ದು ಕೊಟ್ಟರೆ ತೂತಿಗೆ ಹೊಂದುತ್ತದೆ, ಎಂಜಿನ್ನಿಗೆ ಹೊಂದುವುದಿಲ್ಲ.

ಮಳೆಯ ಮಿಸ್ಸಿಂಗ್ ಬೇರೆಯೇ. ಅದಕ್ಕೆ ಆಮೇಲೆ ಬರುತ್ತೇನೆ.

ತೋಟದಜೀಪು

ಎರಡೂ ಮಾಡಿದೆ. ಮದೆನಾಡಿನಲ್ಲಿ ನಿಲ್ಲಿಸಿ ನೋಡಿದಾಗ 3ರ ವೈರಿನಲ್ಲಿ ಅಗಲದ ಗ್ಯಾಪಿಗೂ ನೀಲಿ ಸ್ಪಾರ್ಕ್, ಒಂದೂ ತಪ್ಪಲಿಲ್ಲ. ಲೋಬಿನ ಗ್ಯಾಪು ನಾಲ್ಕರಲ್ಲೂ ಒಂದು ಥೌ ಒಳಗೇ. ಕಾಯಿಲ್ 3.1 ಓಮ್.

ಬಿಸಿ ಕಂಪ್ರೆಶನ್: 106, 104, 58, 105. ಆಯಿಲ್ ಬಿಟ್ಟ ಮೇಲೆ 3ರಲ್ಲಿ 61.

ಒಂದುಮೂರುನಾಲ್ಕೆರಡು

ಸಿಕ್ಕಿತು. ತಣ್ಣಗೆ 101, ಬಿಸಿಗೆ 58, ಆಯಿಲಿಗೆ ಏರಲಿಲ್ಲ: ಬಿಸಿಯಾದಾಗ ವಾಲ್ವ್ ಪೂರ್ತಿ ಕೂರುತ್ತಿಲ್ಲ. ಹೆಚ್ಚುಕಡಿಮೆ ಖಂಡಿತ ಎಕ್ಸಾಸ್ಟ್ ವಾಲ್ವ್. ಟ್ಯಾಪೆಟ್ (ವಾಲ್ವನ್ನು ಕೆಳಗಿನಿಂದ ಎತ್ತುವ ತುಂಡು) ಗ್ಯಾಪ್ ಕಡಿಮೆ ಇದ್ದರೆ ತಣ್ಣಗಿರುವಾಗ ವಾಲ್ವ್ ಹೇಗೋ ಸೀಟಿಗೆ ತಾಗುತ್ತದೆ. ಏರಿನಲ್ಲಿ ಎಕ್ಸಾಸ್ಟ್ ಕೆಂಪಗೆ ಕಾದು ಕಾಂಡ ಉದ್ದವಾದಾಗ ಟ್ಯಾಪೆಟ್ಟೇ ಅದನ್ನು ಎತ್ತಿ ಹಿಡಿಯುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ಸರಿಹೋಗುವುದು ಇದೇ ಕಾರಣಕ್ಕೆ. ಹೀಗೇ ಓಡಿಸಿದರೆ ಬಿಸಿ ಗಾಳಿ ಆ ಸಂದಿಯಿಂದ ನುಗ್ಗಿ ವಾಲ್ವಿನ ಅಂಚನ್ನೇ ಕೊರೆಯುತ್ತದೆ, ಆದ್ದರಿಂದ ಗ್ಯಾಪ್ ಇಡುವ ತನಕ ಘಾಟಿ ಬೇಡ.

ಎಫ್-ಹೆಡ್ಡಿನಲ್ಲಿ ಜನ ತಪ್ಪುವುದು ಇಲ್ಲೇ. ಮೇಲಿನ ರಾಕರ್ ಕವರ್ ತೆಗೆದರೆ ಕಾಣುವುದು ಇನ್‌ಲೆಟ್ ವಾಲ್ವ್ ಮಾತ್ರ. ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿದೆ, ಅದರ ಟ್ಯಾಪೆಟ್ ನೋಡಲು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕೆಳಗೆ ಬ್ಲಾಕಿನ ಪಕ್ಕದ ಕವರ್ ಬಿಚ್ಚಬೇಕು. ಕೈ ಹೋಗಲು ಕಷ್ಟ ಅಂತ ವರ್ಷಗಟ್ಟಲೆ ಯಾರೂ ಅದನ್ನು ತೆಗೆಯುವುದಿಲ್ಲ, ಮೇಲಿನದ್ದು ಅಡ್ಜಸ್ಟ್ ಮಾಡಿ 'ಟ್ಯಾಪೆಟ್ ಮಾಡಿದ್ದೇವೆ' ಅನ್ನುತ್ತಾರೆ. ತೆಗೆದವರಲ್ಲೂ ಕೆಲವರು ಟಕಟಕ ಸದ್ದು ಹೋಗಲಿ ಅಂತ ಬಿಗಿ ಮಾಡಿಟ್ಟಿರುತ್ತಾರೆ. ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಟ್ಯಾಪೆಟ್ ಸ್ವಲ್ಪ ಸದ್ದು ಮಾಡಲೇಬೇಕು.

ಕೆಲಸ ಹೀಗೆ. ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು. ಪಕ್ಕದ ಕವರಿಗೆ ಬಂದಿರುವ ಕ್ರ್ಯಾಂಕ್‌ಕೇಸ್ ಗಾಳಿಯ ಪೈಪ್ ಕಳಚಿ, ಕವರ್ ತೆಗೆಯಿರಿ. ಪ್ಲಗ್ಗುಗಳನ್ನು ತೆಗೆದಿಟ್ಟರೆ ಹ್ಯಾಂಡಲ್ ಹಗುರವಾಗಿ ತಿರುಗುತ್ತದೆ. ಫೈರಿಂಗ್ ಆರ್ಡರ್ 1-3-4-2. 1ನೆಯದು ಕಂಪ್ರೆಶನ್ನಿನ ಮೇಲೆ ಬಂದಾಗ, ಅಂದರೆ 4ರ ವಾಲ್ವುಗಳು ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಇರುವಾಗ, 1ರ ಎರಡೂ ವಾಲ್ವಿನ ಗ್ಯಾಪ್ ಇಡಿ. ಹ್ಯಾಂಡಲ್ ಅರ್ಧ ಸುತ್ತು: 3. ಇನ್ನರ್ಧ: 4. ಇನ್ನರ್ಧ: 2. ಎಕ್ಸಾಸ್ಟ್ 16 ಥೌ, ಇನ್‌ಲೆಟ್ 18 ಥೌ, ಎರಡೂ ತಣ್ಣಗೆ. ಮಿ.ಮೀ. ಫೀಲರ್ ಇದ್ದರೆ 0.40 ಮತ್ತು 0.45. ಕೆಳಗಿನ ಟ್ಯಾಪೆಟ್ಟಿಗೆ ತೆಳು ಸ್ಪ್ಯಾನರ್ ಎರಡು ಬೇಕು, ಒಂದು ಟ್ಯಾಪೆಟ್ಟಿನ ಮೈ ಹಿಡಿಯಲು, ಇನ್ನೊಂದು ಸ್ಕ್ರೂ ತಿರುಗಿಸಲು. ಮಾಮೂಲಿ ಸ್ಪ್ಯಾನರ್ ಸಂದಿಗೆ ಹೋಗುವುದಿಲ್ಲ, ಹಳೆಯದೊಂದನ್ನು ಗ್ರೈಂಡರಿಗೆ ಹಿಡಿದು ತೆಳು ಮಾಡಿಕೊಳ್ಳಿ. ಫೀಲರ್ ಸ್ವಲ್ಪ ಹಿಡಿದು ಜಾರಬೇಕು.

ಇಡುವ ಮೊದಲು ಇದ್ದ ಗ್ಯಾಪ್ ಎಷ್ಟು ಅಂತ ನಾಲ್ಕನ್ನೂ ಬರೆದಿಟ್ಟುಕೊಳ್ಳಿ. ಮುಂದಿನ ತೀರ್ಮಾನ ಅದರ ಮೇಲೆ.

ತೋಟದಜೀಪು

ಎಕ್ಸಾಸ್ಟ್ ಇದ್ದದ್ದು: 1ರಲ್ಲಿ 15, 2ರಲ್ಲಿ 14, 3ರಲ್ಲಿ 4 ಥೌ ಫೀಲರ್ ಕೂಡ ಹೋಗಲಿಲ್ಲ, 4ನೆಯದು 15. ಎಲ್ಲ 16ಕ್ಕೆ ಇಟ್ಟೆ. ಸಂಪಾಜೆಗೆ ಇಳಿದು ಹತ್ತಿಸಿದೆ, ಮೇಲಿನ ತನಕ ಮಿಸ್ಸಿಂಗ್ ಇಲ್ಲ. ಬಿಸಿ ಕಂಪ್ರೆಶನ್ ಈಗ 106, 104, 92, 105. ಆ 92 ಬಿಡಬಹುದಾ, ಹೆಡ್ ಬಿಚ್ಚಲೇಬೇಕಾ?

ಕಾರ್ಬ್_ಕಿಟ್

ನಾನು ಹೇಳಿದ್ದು ತಪ್ಪಾಯಿತು, ಪಾಠ ಆಯಿತು. 3ರದ್ದು ಮಾತ್ರ ಅಷ್ಟು ಕಡಿಮೆ ಆಗಿದ್ದು ಯಾಕೆ? ಸೀಸ ಇಲ್ಲದ ಪೆಟ್ರೋಲಿನಿಂದ ಸೀಟು ಸವೆದು ಕೆಳಗಿಳಿದಿರಬಹುದಾ?

ಒಂದುಮೂರುನಾಲ್ಕೆರಡು

ಸೀಸದ ಪೆಟ್ರೋಲ್ ನಮ್ಮ ದೇಶದಲ್ಲಿ ನಿಂತದ್ದು 2000ದಲ್ಲಿ. ಅದೇ ಕಾರಣ ಆಗಿದ್ದರೆ ನಾಲ್ಕೂ ಸೀಟು ಒಟ್ಟಿಗೆ ಇಳಿಯಬೇಕಿತ್ತು. ಈ ಎಂಜಿನ್ನಿನ ಎಕ್ಸಾಸ್ಟಿಗೆ ಗಟ್ಟಿ ಲೋಹದ ಸೀಟ್ ರಿಂಗ್ ಕೂಡ ಕೂರಿಸಿರುತ್ತಾರೆ, ಅದು ಅಷ್ಟು ಸುಲಭಕ್ಕೆ ಸವೆಯುವುದಿಲ್ಲ. ಒಂದೇ ಕಡೆ 12 ಥೌ ಹೋಗಿದೆ ಅಂದರೆ ಉಳಿಯುವುದು ಮೂರು ಸಾಧ್ಯತೆ: ಯಾರೋ ಬಿಗಿ ಇಟ್ಟದ್ದು, ವಾಲ್ವಿನ ಕಾಂಡ ಕಾದು ಹಿಗ್ಗಿದ್ದು, ಅಥವಾ ಆ ಒಂದು ಸೀಟು ಇಳಿದದ್ದು. ಮೊದಲನೆಯದಾದರೆ ಈಗ ಮುಗಿಯಿತು. ಉಳಿದೆರಡಾದರೆ ಗ್ಯಾಪ್ ಮತ್ತೆ ಮುಚ್ಚುತ್ತದೆ. ಹಾಗಾಗಿ 500 ಕಿ.ಮೀ. ಓಡಿಸಿ ಪಕ್ಕದ ಕವರ್ ಇನ್ನೊಮ್ಮೆ ತೆಗೆಯಿರಿ. 15-16 ಇದ್ದರೆ ಮುಟ್ಟಬೇಡಿ. 12ಕ್ಕೆ ಇಳಿದಿದ್ದರೆ ಹೆಡ್ ಬಿಚ್ಚಿ, ಕಾಯಬೇಡಿ.

92 ಅಂದರೆ ಉಳಿದವಕ್ಕಿಂತ ಸುಮಾರು ಶೇ. 12 ಕಡಿಮೆ. ಅಂಚು ಸ್ವಲ್ಪ ಸುಟ್ಟಿದೆ, ಆದರೆ ಓಡಿಸಬಹುದು. ಖಚಿತ ಮಾಡಿಕೊಳ್ಳಬೇಕಿದ್ದರೆ 3ನ್ನು ಕಂಪ್ರೆಶನ್ನಿನ ತುದಿಗೆ ತಂದು ಪ್ಲಗ್ ತೂತಿನಿಂದ 40 ಪಿಎಸ್‌ಐ ಗಾಳಿ ಬಿಡಿ. ಗಾಳಿಗೆ ಎಂಜಿನ್ ತಿರುಗಬಹುದು, ಆದ್ದರಿಂದ ಹ್ಯಾಂಡಲ್ ಕಳಚಿಟ್ಟು, ಗೇರಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಸೈಲೆನ್ಸರಿನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬೊರೇಟರಿನಲ್ಲಿ ಅಂದರೆ ಇನ್‌ಲೆಟ್, ಆಯಿಲ್ ಹಾಕುವ ಬಾಯಲ್ಲಿ ಅಂದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್.

ಹೆಡ್ ಬಿಚ್ಚುವುದಾದರೆ ಈ ಎಂಜಿನ್ನಿನ ಮೂರು ಬಲೆಗಳನ್ನು ನೆನಪಿಡಿ.

ಇನ್‌ಲೆಟ್ ಮ್ಯಾನಿಫೋಲ್ಡ್ ಹೆಡ್ಡಿನಲ್ಲೇ ಎರಕವಾಗಿದೆ, ಒಂದು ಹೆಡ್ ಬೋಲ್ಟ್ ಕಾರ್ಬೊರೇಟರಿನ ಕೆಳಗೆ ಅಡಗಿದೆ. ಅದನ್ನು ಬಿಟ್ಟು ಉಳಿದದ್ದೆಲ್ಲ ಬಿಚ್ಚಿ, ಹೆಡ್ ಬರುತ್ತಿಲ್ಲ ಅಂತ ಸಂದಿಗೆ ಸ್ಕ್ರೂಡ್ರೈವರ್ ಹಾಕಿ ಎತ್ತಿದರೆ ಹೆಡ್ಡಿನ ಮುಖ ಹಾಳಾಗುತ್ತದೆ. ಜೋಡಿಸುವಾಗಲೂ ಅದೇ ಬೋಲ್ಟ್ ಮರೆತುಹೋಗುತ್ತದೆ.

ವಾಲ್ವ್ ಸ್ಪ್ರಿಂಗ್ ಒತ್ತುವ ಮೊದಲು ವಾಲ್ವ್ ಚೇಂಬರಿನ ತಳದಲ್ಲಿ ಆಯಿಲ್ ಇಳಿಯುವ ತೂತುಗಳಿಗೆ ಬಟ್ಟೆ ತುರುಕಿ. ವಾಲ್ವ್ ಲಾಕು ಕೈಜಾರಿದರೆ ಆ ತೂತಿನಿಂದ ನೇರ ಎಂಜಿನ್ ತಳದ ಆಯಿಲ್ ಸಂಪ್‌ಗೆ. ಆಮೇಲೆ ಸಂಪ್ ಇಳಿಸುವ ಕೆಲಸವೂ ಸೇರಿಕೊಳ್ಳುತ್ತದೆ. ಬಟ್ಟೆ ಎಷ್ಟು ತುಂಡು ಹಾಕಿದಿರಿ ಅಂತ ಎಣಿಸಿಟ್ಟುಕೊಳ್ಳಿ, ಅದನ್ನೂ ಒಳಗೇ ಬಿಟ್ಟವರಿದ್ದಾರೆ.

ವಾಲ್ವಿನ ಮುಖ 45 ಡಿಗ್ರಿ. ಮುಖ ಕಡೆಸಿದ ಮೇಲೆ ಅಂಚಿನ ದಪ್ಪ 1/32 ಇಂಚಿಗಿಂತ, ಅಂದರೆ 0.8 ಮಿ.ಮೀ.ಗಿಂತ ಕಡಿಮೆ ಉಳಿದರೆ ಹೊಸ ವಾಲ್ವ್ ಹಾಕಿ. ತೆಳು ಅಂಚು ಕೆಂಡದ ಹಾಗೆ ಕಾದು ಬೇಗ ಮತ್ತೆ ಸುಡುತ್ತದೆ. ಲ್ಯಾಪಿಂಗ್ ಪೇಸ್ಟಿನಲ್ಲಿ ಉಜ್ಜಿದ ಮೇಲೆ ವಾಲ್ವಿನ ಮುಖಕ್ಕೆ ಪೆನ್ಸಿಲಿನಲ್ಲಿ ಅಡ್ಡ ಗೆರೆಗಳನ್ನು ಹಾಕಿ, ಕೂರಿಸಿ ಕಾಲು ಸುತ್ತು ತಿರುಗಿಸಿ. ಎಲ್ಲ ಗೆರೆಯೂ ಅಳಿಸಿದ್ದರೆ ಸರಿಯಾಗಿ ಕೂತಿದೆ. ಸೀಟ್ ರಿಂಗನ್ನು ಹಿತ್ತಾಳೆ ತುಂಡಿನಿಂದ ಮೆಲ್ಲಗೆ ತಟ್ಟಿ ನೋಡಿ, ಸಡಿಲ ಇದ್ದರೆ ಟೊಳ್ಳು ಸದ್ದು. ಉಜ್ಜಿದಷ್ಟೂ ವಾಲ್ವ್ ಕೆಳಗೆ ಕೂರುತ್ತದೆ, ಗ್ಯಾಪ್ ಕಡಿಮೆಯಾಗುತ್ತದೆ. ಸ್ಕ್ರೂ ಪೂರ್ತಿ ಇಳಿಸಿದರೂ 16 ಬರದಿದ್ದರೆ ಕಾಂಡದ ತುದಿಯನ್ನು ಲೇತಿನಲ್ಲಿ ಚೌಕವಾಗಿ ಕಡೆಸಬೇಕು. ಕೈಯಲ್ಲಿ ಅರ ಹಾಕಿದರೆ ತುದಿ ಓರೆಯಾಗುತ್ತದೆ.

ಹೆಡ್ ಬೋಲ್ಟ್ ನಡುವಿನಿಂದ ಹೊರಕ್ಕೆ ಅಡ್ಡಡ್ಡವಾಗಿ, ಮೂರು ಸುತ್ತಿನಲ್ಲಿ, 65 ಅಡಿ-ಪೌಂಡಿಗೆ. ಕೆಜಿ-ಮೀಟರ್ ರೆಂಚ್ ಆದರೆ 9. ಒಮ್ಮೆ ಬಿಸಿಮಾಡಿ, ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿದು, ಆಮೇಲೆ ಟ್ಯಾಪೆಟ್ ನೋಡಬೇಕು. ಮೊದಲೇ ಟ್ಯಾಪೆಟ್ ಇಟ್ಟು ಆಮೇಲೆ ಹೆಡ್ ಬಿಗಿದರೆ ಇನ್‌ಲೆಟ್ ಗ್ಯಾಪ್ ಬದಲಾಗಿರುತ್ತದೆ.

ಪಾಯಿಂಟ್‌ಬಾಕ್ಸ್

ಈಗ ಮಳೆಯದ್ದು. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್ ನಡುವಿನ ಜಡಿಮಳೆಯಲ್ಲಿ) ಶೆಡ್ಡಿನೊಳಗೆ ನಿಲ್ಲಿಸಿದ ಗಾಡಿಗೂ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ಬೆವರು ಕೂರುತ್ತದೆ. ಬಿಸಿಯಾದ ಮೇಲೆ ಸರಿಹೋಗುವುದು ಆ ತೇವ ಆರುವುದರಿಂದ. ರಾತ್ರಿ ಲೈಟ್ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಓಡುವಾಗ ಹೂಗಿಡಕ್ಕೆ ಹೊಡೆಯುವ ಸ್ಪ್ರೇಯಿಂದ ಕ್ಯಾಪ್ ಮತ್ತು ವೈರಿನ ಮೇಲೆ ಸಣ್ಣಗೆ ನೀರು ಹಾರಿಸಿ. ನೀಲಿ ಎಳೆ ಹರಿದಾಡಿದರೆ ಕರೆಂಟ್ ಸೋರುವ ಜಾಗ ಅದೇ. ಫ್ಯಾನಿನ ಹತ್ತಿರ ಕೈ, ಸಡಿಲ ಬಟ್ಟೆ ತರಬೇಡಿ.

ಕ್ಯಾಪ್ ಒಳಗೆ ಬೆಳಕಿನಲ್ಲಿ ನೋಡಿ. ಒಂದು ಮೊಳೆಯಿಂದ ಇನ್ನೊಂದಕ್ಕೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಕಪ್ಪು ಗೆರೆ ಇದ್ದರೆ ಅದು ಸುಟ್ಟ ಇಂಗಾಲ, ಅದೇ ಕರೆಂಟಿನ ದಾರಿ. ಚಾಕುವಿನಲ್ಲಿ ಕೆರೆದರೆ ವಾರ ನಡೆಯುತ್ತದೆ, ಆಮೇಲೆ ಮತ್ತೆ ಅದೇ ದಾರಿ ಹಿಡಿಯುತ್ತದೆ. ಕ್ಯಾಪ್ ಬದಲಾಯಿಸಿ, ರೋಟರನ್ನೂ ಒಟ್ಟಿಗೆ. ನಡುವಿನ ಕಾರ್ಬನ್ ಬ್ರಷ್ ಸ್ಪ್ರಿಂಗಿನಲ್ಲಿ ಸರಾಗ ಆಡುತ್ತದಾ ನೋಡಿ. ಕ್ಯಾಪಿನ ಒಳಗೆ ಗ್ರೀಸ್ ಬಳಿಯುವ ಅಭ್ಯಾಸ ಬೇಡ, ಧೂಳು ಕೂತು ಅದೇ ದಾರಿಯಾಗುತ್ತದೆ. ಸಿಲಿಕೋನ್ ಗ್ರೀಸ್ ಹಾಕಬೇಕಾದ್ದು ಪ್ಲಗ್ಗಿನ ರಬ್ಬರ್ ಟೋಪಿಯ ಒಳಗೆ ಮತ್ತು ಕ್ಯಾಪಿನ ಹೊರಗೆ ವೈರ್ ಸೇರುವ ಬಾಯಿಗೆ. ಕ್ಯಾಪಿನ ಗಾಳಿ ತೂತು ಮುಚ್ಚಿದ್ದರೆ ಬಿಡಿಸಿ. ಅದನ್ನು ಎಂಸೀಲ್ ಹಾಕಿ ಮುಚ್ಚಿದರೆ ಒಳಗಿನ ತೇವ ಹೊರಗೆ ಬರುವುದಿಲ್ಲ.

ಎಂಜಿನ್ನಿನಿಂದ ಚಾಸಿಗೆ ಇರುವ ಹೆಣೆದ ತಾಮ್ರದ ಅರ್ತ್ ಪಟ್ಟಿಯನ್ನೂ ನೋಡಿ. ಮಿಲಿಟರಿ ಗಾಡಿಯಲ್ಲಿ ಇಂಥ ಪಟ್ಟಿ ಅಲ್ಲಲ್ಲಿ ಇರುತ್ತವೆ, ಬಣ್ಣ ಹೊಡೆಯುವವರು ಅದರ ಮೇಲೂ ಹೊಡೆದಿರುತ್ತಾರೆ. ಸ್ಟಾರ್ಟ್ ಮಾಡುವಾಗ ಚೋಕ್ ಕೇಬಲ್ ಬಿಸಿಯಾದರೆ ಅರ್ತ್ ಆ ಕೇಬಲಿನಲ್ಲಿ ಹೋಗುತ್ತಿದೆ ಅಂತ ಅರ್ಥ. ಪಟ್ಟಿ ಬಿಚ್ಚಿ, ಎರಡೂ ಕಡೆ ಲೋಹ ಹೊಳೆಯುವ ತನಕ ಉಜ್ಜಿ, ಸ್ಟಾರ್ ವಾಶರ್ ಹಾಕಿ ಬಿಗಿಯಿರಿ.

ತೋಟದಜೀಪು

ಕ್ಯಾಪಿನಲ್ಲಿ 2 ಮತ್ತು 4ರ ಮೊಳೆಗಳ ನಡುವೆ ಕಪ್ಪು ಗೆರೆ ಇದೆ. ಹೊಸ ಕ್ಯಾಪ್, ರೋಟರ್ ಹಾಕುತ್ತೇನೆ. ಅರ್ತ್ ಪಟ್ಟಿ ಮೂರರಲ್ಲಿ ಒಂದು ತುಂಡಾಗಿತ್ತು. ಟೈಮಿಂಗ್ ಕೂಡ ಮತ್ತೆ ನೋಡಬೇಕಾ?

ಪಾಯಿಂಟ್‌ಬಾಕ್ಸ್

ಕ್ಯಾಪ್, ರೋಟರ್ ಬದಲಾಯಿಸಿದರೆ ಟೈಮಿಂಗ್ ಬದಲಾಗುವುದಿಲ್ಲ. ಹೊಸ ಪಾಯಿಂಟ್ ಹಾಕಿದ್ದೀರಲ್ಲ, ಅದಕ್ಕೆ ನೋಡಬೇಕು: ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ, ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ 5 ಡಿಗ್ರಿ ಮುಂಚಿತ. ಕ್ಯಾಪ್ ಬದಲಾಯಿಸುವಾಗ ಹಳೆಯದನ್ನು ಪಕ್ಕದಲ್ಲೇ ಹಿಡಿದು ವೈರ್‌ಗಳನ್ನು ಒಂದೊಂದಾಗಿ ದಾಟಿಸಿ. ರೋಟರ್ ತಿರುಗುವುದು ಗಡಿಯಾರದ ಮುಳ್ಳಿಗೆ ವಿರುದ್ಧ. ನಾಲ್ಕನ್ನೂ ಒಟ್ಟಿಗೆ ಕಿತ್ತು ಆಮೇಲೆ ಅಂದಾಜಿನಲ್ಲಿ ಹಾಕಿದರೆ ಮಿಸ್ಸಿಂಗ್ ಹುಡುಕುವ ಕೆಲಸ ಮೊದಲಿನಿಂದ.